ದೊಡ್ಡ ಮನೆಯ ಸಂಬಂಧ

ನಮ್ಮ ಶಿರಸಿ-ಸಿದ್ದಾಪುರದ ಕಡೆ ಈಗ ಗಂಡಿನ ಜಾತಕದ ಜೊತೆಗೆ ಮನೆಯಲ್ಲಿರುವ ಯಂತ್ರಗಳ ಪಟ್ಟಿಯೂ ಬರುತ್ತದೆ. ಅಡಿಕೆ ಸುಲಿಯುವ ಮಷಿನ್ ಇದೆ. ವಾಷಿಂಗ್ ಮಷಿನ್ ಹಳೆಯದು, ಬೇಕಾದರೆ ಹೊಸದು ತರಿಸುತ್ತೇವೆ. ಪಾತ್ರೆ ತೊಳೆಯುವ ಮಷಿನ್ ತಂದಿಟ್ಟಾಗಿದೆ, ಪ್ಯಾಕಿಂಗ್ ಬಿಚ್ಚಿಲ್ಲ, ಸೊಸೆ ಬಂದೇ ಬಿಚ್ಚಲಿ. ಅಂಗಳದ ತನಕ ಕಾರು ಬರುತ್ತದೆ. ಇಂಟರ್ನೆಟ್ಟಿಗೆ ಪೇಟೆಯಿಂದ ಕೇಬಲ್ ಎಳೆಸಿದ್ದೇವೆ. ಗೋತ್ರ, ನಕ್ಷತ್ರ, ಗಣ, ನಾಡಿ ಎಲ್ಲ ಕೊನೆಯ ಪುಟಕ್ಕೆ ಸರಿದು, ವಾಟ್ಸಾಪಿನಲ್ಲಿ ಕೆಲವೊಮ್ಮೆ ತೆರೆದುಕೊಳ್ಳುವುದೂ ಇಲ್ಲ. ಇಷ್ಟೆಲ್ಲ ಓದಿಯೂ ಹೆಣ್ಣಿನ ಅಪ್ಪ ಫೋನು ಮಾಡಿ ಕೇಳುವುದು ಒಂದೇ ಮಾತು: “ಮಾಣಿ ಎಂತ ಮಾಡ್ತ?” ಆ ಕಡೆಯಿಂದ “ಮನೇಲೇ ಇದ್ದ, ತೋಟ ನೋಡ್ಕ್ಯತ್ತ” ಎಂದು ಬಂತೋ, “ಕೂಸಿನ ಹತ್ರ ಕೇಳಿ ಹೇಳ್ತಿ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೂಸಿನ, ಅಂದರೆ ಮಗಳ ಹತ್ತಿರ ಕೇಳುವುದೇನು, ಕೂಸು ಪಕ್ಕದಲ್ಲೇ ಕೂತು ತಲೆ ಅಡ್ಡ ಆಡಿಸಿರುತ್ತದೆ.

ನಮ್ಮ ಆಯಿಯ ಕಾಲದಲ್ಲಿ ಇದೇ ಉತ್ತರಕ್ಕೆ ಜನ ಬಾಗಿಲಲ್ಲಿ ಕಾಯುತ್ತಿದ್ದರು. ತೋಟ ಎಷ್ಟು ಎಕರೆ, ಅದಕ್ಕೆ ತಕ್ಕ ಸೊಪ್ಪಿನಬೆಟ್ಟ ಇದೆಯೋ, ಬೇಸಿಗೆಯಲ್ಲಿ ತೋಟಕ್ಕೆ ನೀರು ಎಲ್ಲಿಂದ, ಎಷ್ಟು ಕ್ವಿಂಟಲ್ ಅಡಿಕೆ ತೂಗುತ್ತಾರೆ, ಅಣ್ಣತಮ್ಮಂದಿರು ಎಷ್ಟು ಜನ, ಹಿಸೆ ಆಗಿದೆಯೋ ಇಲ್ಲವೋ. ಇದಿಷ್ಟು ಗೊತ್ತಾದರೆ ಗಂಡನ್ನು ನೋಡುವ ಅಗತ್ಯವೂ ಇರಲಿಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ ಶುರುವಾದದ್ದು 1923ರಲ್ಲಿ. ಅಡಿಕೆ ಬೆಳೆಗಾರರನ್ನು ದಲಾಲರ ಕೈಯಿಂದ ಬಿಡಿಸಿದ ದೊಡ್ಡ ಸಂಸ್ಥೆ ಅದು. ಸಂಬಂಧ ಕೂಡಿಸುವವರಿಗೆ ಅದರಿಂದ ಇನ್ನೊಂದು ಉಪಕಾರವಾಯಿತು. ಯಾರ ಅಡಿಕೆ ಎಷ್ಟು ಬಂತು, ಯಾರ ಖಾತೆಯಲ್ಲಿ ಸಾಲ ಎಷ್ಟು ನಿಂತಿದೆ ಎಂಬುದು ವ್ಯಾಪಾರದ ದಿನ ಅಂಗಳದಲ್ಲಿ ನಿಂತರೆ ತಾನಾಗಿ ಕಿವಿಗೆ ಬೀಳುತ್ತಿತ್ತು. ನಮ್ಮ ಭಾವ ಒಬ್ಬರಿಗೆ ಇದೇ ಕೆಲಸ. ಅಡಿಕೆ ಮಾರಲು ಹೋದವರು ಎರಡು ಸಂಬಂಧ ಗೊತ್ತು ಮಾಡಿಕೊಂಡೇ ಬರುವರು. ಅಂಗಿಯ ಜೇಬಿನ ಪುಟ್ಟ ಪುಸ್ತಕದಲ್ಲಿ ಒಂದು ಪುಟದಲ್ಲಿ ಗಂಡು, ಎದುರು ಪುಟದಲ್ಲಿ ಹೆಣ್ಣು. ಗಂಡಿನ ಹೆಸರಿನ ಮುಂದೆ ಎಕರೆ ಬರೆದಿರುತ್ತಿತ್ತು, ಹೆಣ್ಣಿನ ಹೆಸರಿನ ಮುಂದೆ ಬಣ್ಣ. ಬೇರೇನೂ ಇಲ್ಲ.

ನಮ್ಮ ಒಂದೇ ಬ್ರಾಹ್ಮಣ ಜಾತಿಯೊಳಗೆ ಇಷ್ಟು ಮೆಟ್ಟಿಲು ಹೇಗೆ ಹುಟ್ಟುತ್ತವೆ ಎಂದು ಹೊರಗಿನವರಿಗೆ ಆಶ್ಚರ್ಯವಾದೀತು. ನಮಗೆ ಅದು ಬಾಲಪಾಠ. ಘಟ್ಟದ ಮೇಲಿನವರು ಮೇಲು, ಕುಮಟೆ-ಹೊನ್ನಾವರದ ಕಡೆ ಘಟ್ಟದ ಕೆಳಗಿನವರು ಒಂದು ಮೆಟ್ಟಿಲು ಕೆಳಗೆ, ಏಕೆಂದರೆ ಮೇಲೆ ಅಡಿಕೆ, ಕೆಳಗೆ ತೆಂಗು-ಗದ್ದೆ. ಕೆಳಗಿನವರು ಹೆಣ್ಣನ್ನು ಮೇಲಕ್ಕೆ ಕೊಡುವರು, ಮೇಲಿನವರು ಕೆಳಕ್ಕೆ ಕೊಡಲು ಹಿಂದೆಮುಂದೆ ನೋಡುವರು. ತೋಟದ ಹೆಗಡೆಯವರಿಗೆ ಪೌರೋಹಿತ್ಯದ ಭಟ್ಟರ ಪಾಂಡಿತ್ಯದ ಮೇಲೆ ಅಪಾರ ಗೌರವ. ಶ್ರಾದ್ಧಕ್ಕೆ ಅವರೇ ಬೇಕು, ಮಗಳನ್ನು ಕೊಡುವ ಮಾತು ಬಂದಾಗ ಮಾತ್ರ ದಕ್ಷಿಣೆಯಲ್ಲಿ ಸಂಸಾರ ನಡೆದೀತೇ ಎಂಬ ಚಿಂತೆ. ಊರ ಗಾದೆಯೂ ಅದನ್ನೇ ಹೇಳುತ್ತಿತ್ತು: ಕೊಡುವಾಗ ಮೇಲಿನ ಮನೆ ನೋಡು, ತರುವಾಗ ಕೆಳಗಿನ ಮನೆ ನೋಡು. ಕೆಳಗಿನ ಮನೆಯಿಂದ ಬಂದವಳು ಬಾಯಿ ತೆಗೆಯುವುದಿಲ್ಲ ಎಂಬುದು ಅದರ ಒಳಗುಟ್ಟು.

ಹಣದ ಮಾತು ಇನ್ನೂ ಸ್ವಾರಸ್ಯದ್ದು. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಎಂಬ ನಾಟಕ ಪ್ರಕಟಿಸಿದರು. ಹೊಸಗನ್ನಡದ ಮೊದಮೊದಲ ಸಾಮಾಜಿಕ ನಾಟಕ ಎಂದು ವಿದ್ವಾಂಸರು ಅದನ್ನು ನೆನೆಯುತ್ತಾರೆ. ಅದರ ವಸ್ತು ಕನ್ಯಾವಿಕ್ರಯ, ಅಂದರೆ ಗಂಡಿನ ಕಡೆಯಿಂದ ಹಣ ಎಣಿಸಿಕೊಂಡು ಮಗಳನ್ನು ಕೊಡುವುದು. ಹೆಣ್ಣಿನ ಅಪ್ಪನಿಗೆ ಹಣ ಬೇಕು, ಹಣ ಇರುವುದು ವಯಸ್ಸಾದವರ ಹತ್ತಿರ. ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಕ್ಕಲುತನದ ಎಷ್ಟೋ ಸಮುದಾಯಗಳಲ್ಲಿ ತೆರ ಕೊಟ್ಟು ಹೆಣ್ಣು ತರುವ ಪದ್ಧತಿ ಇತ್ತು. ಅಲ್ಲಿ ಹೆಣ್ಣು ಗದ್ದೆಯಲ್ಲಿ ದುಡಿಯುವ ಕೈ, ಆ ಕೈ ಬಿಟ್ಟುಕೊಡುವ ತವರಿಗೆ ಒಂದು ಪರಿಹಾರ. ಬ್ರಾಹ್ಮಣರ ಮನೆಯಲ್ಲಿ ಮಾತ್ರ ಹಣ ತೆಗೆದುಕೊಳ್ಳುತ್ತ ಅದಕ್ಕೆ ನಾಚಿಕೆಯನ್ನೂ ಪಡುತ್ತಿದ್ದರು.

ಆಮೇಲೆ ನೌಕರಿಯ ಗಂಡು ಬಂದ. ಬ್ಯಾಂಕು, ಎಲ್‌ಐಸಿ, ಕಾಲೇಜು ಎಂದು ತಿಂಗಳ ಮೊದಲ ತಾರೀಕಿಗೆ ಸಂಬಳ ತರುವವನು. ಹಣ ಒಮ್ಮೆಲೇ ದಿಕ್ಕು ಬದಲಿಸಿ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹರಿಯತೊಡಗಿತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1984ರಲ್ಲಿ ವರದಕ್ಷಿಣೆಯ ಕುರಿತು ಒಂದು ಕಿರುಪುಸ್ತಕ ಬರೆದು, ಈಗಿನ ವರದಕ್ಷಿಣೆ ಸನಾತನವೇನೂ ಅಲ್ಲ, ಇಂಗ್ಲಿಷ್ ಓದು ಮತ್ತು ಸಂಬಳದ ನೌಕರಿ ತಂದ ಹೊಸ ಸರಕು ಎಂದರು. ಅಷ್ಟು ಹೊತ್ತಿಗೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ ಎರಡು ದಶಕ ದಾಟಿತ್ತು. ಕಾಯ್ದೆ ಬಂದದ್ದರಿಂದ ಆದ ಬದಲಾವಣೆ ಎಂದರೆ ‘ವರದಕ್ಷಿಣೆ ಬೇಡ, ನಿಮ್ಮ ಮಗಳಿಗೆ ನಿಮ್ಮ ಖುಷಿಯಂತೆ ಹಾಕಿ’ ಎಂಬ ಸಭ್ಯ ಮಾತು ಹುಟ್ಟಿದ್ದು. ಆ ಖುಷಿಗೆ ತಕ್ಕಂತೆ ಸಾಲ ತೀರಿಸಿದ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಈಗ ಮತ್ತೆ ತಿರುಗಿದೆ. ನಮ್ಮಲ್ಲಿ ಎಷ್ಟೋ ಕಡೆ ಮದುವೆಯ ಖರ್ಚು ಪೂರ್ತಿ ಗಂಡಿನ ಕಡೆಯದು, ಹೆಣ್ಣಿನವರು ಬಂದು ಧಾರೆ ಎರೆದು ಊಟ ಮಾಡಿ ಹೋದರೆ ಸಾಕು ಎನ್ನುತ್ತಾರೆ. 1887ರ ಶಾಸ್ತ್ರಿಗಳು ಇದನ್ನು ಕಂಡಿದ್ದರೆ ಎರಡನೆಯ ಭಾಗ ಬರೆಯುತ್ತಿದ್ದರೋ ಏನೋ.

ಈ ದೊಡ್ಡ ಮನೆ-ಸಣ್ಣ ಮನೆಗಳ ಲೆಕ್ಕದಲ್ಲಿ ಒಂದು ಮಾತು ಮಾತ್ರ ಯಾರ ಪುಸ್ತಕದಲ್ಲೂ ಬರೆದಿರಲಿಲ್ಲ. ಮನೆಯ ಅಂತಸ್ತು ಸರಿ, ಆ ಮನೆಯೊಳಗೆ ಹೋಗುವವಳ ಅಂತಸ್ತು ಯಾವುದು?

ನನ್ನ ದೊಡ್ಡಾಯಿಯನ್ನು ಕೊಟ್ಟದ್ದು ಸೀಮೆಯಲ್ಲೇ ಹೆಸರಾದ ಮನೆಗೆ. ಚೌಕಿಮನೆ, ಕೆತ್ತನೆಯ ಕಂಬ, ಹೆಬ್ಬಾಗಿಲು, ದಿನಕ್ಕೆ ಎರಡು ಪಂಕ್ತಿ ಊಟ. ತವರಿನವರು ನಾಲ್ಕು ಊರಿಗೆ ಕೇಳುವಂತೆ ಹೇಳಿಕೊಂಡ ಸಂಬಂಧ. ನಾನು ಸಣ್ಣವಳಿದ್ದಾಗ ಕೊಯ್ಲಿನ ಕಾಲಕ್ಕೆ ಅಲ್ಲಿಗೆ ಹೋಗುವುದೆಂದರೆ ಹಬ್ಬ. ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು, ಚೊಗರಿನ ವಾಸನೆ ಮೂಗು ತುಂಬುತ್ತಿತ್ತು. ರಾತ್ರಿ ಊಟವಾದ ಮೇಲೆ ಲಾಟೀನಿನ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತು ಹಸಿ ಅಡಿಕೆ ಸುಲಿಯುವರು. ಕತೆ, ತಾಳಮದ್ದಲೆಯ ಮಾತು, ನಗು. ದೊಡ್ಡಾಯಿ ಆ ಸಾಲಿಗೆ ಬಂದು ಕೂರುತ್ತಿದ್ದದ್ದು ಎಲ್ಲರಿಗಿಂತ ಕೊನೆಗೆ, ಒಳಗಿನ ಪಾತ್ರೆ, ಒಲೆ ಸಾರಣೆ, ಮರುದಿನದ ದೋಸೆಗೆ ಅಕ್ಕಿ ಬೀಸುವುದು ಎಲ್ಲ ಮುಗಿದ ಮೇಲೆ. ಏಳುತ್ತಿದ್ದದ್ದೂ ಕೊನೆಗೆ. ಬೆಳಿಗ್ಗೆ ನಾವು ಕಣ್ಣುಜ್ಜಿಕೊಂಡು ಬಚ್ಚಲಿಗೆ ಹೋಗುವ ಹೊತ್ತಿಗೆ ಬಚ್ಚಲ ಒಲೆ ಉರಿಯುತ್ತಿರುತ್ತಿತ್ತು, ಕೊಟ್ಟಿಗೆಯಿಂದ ಹಾಲು ಬಂದಾಗಿರುತ್ತಿತ್ತು. ಅವಳ ಬೆರಳ ತುದಿಗಳು ಅಡಿಕೆಯ ಕಲೆಯಿಂದ ವರ್ಷದ ಅರ್ಧ ಭಾಗ ಕಪ್ಪಾಗಿಯೇ ಇರುತ್ತಿದ್ದವು. ಮದುವೆಮನೆಗಳಲ್ಲಿ ಅವಳು ಉಡುತ್ತಿದ್ದ ಸೀರೆ ಭಾರೀ ಜರಿಯದ್ದು. ಆ ಜರಿಯ ಸೆರಗನ್ನು ಹಿಡಿದ ಬೆರಳುಗಳ ಬಣ್ಣ ಮಾತ್ರ ಆಳಿನ ಹೆಂಗಸರ ಬೆರಳಿನದೇ.

ಹತ್ತಾರು ವರ್ಷ ಕಳೆದ ಮೇಲೆ ನಾನೊಮ್ಮೆ ಕೇಳಿದೆ, ಅಷ್ಟು ದೊಡ್ಡ ಮನೆ, ಸುಖವಾಗಿದ್ದೆಯಲ್ಲ ದೊಡ್ಡಾಯಿ ಎಂದು. ಅವಳು ಎಲೆಗೆ ಸುಣ್ಣ ಸವರುತ್ತ ಹೇಳಿದಳು: “ಉಂಬಲೆ ಬೇಕಾದಷ್ಟಿತ್ತು ತಂಗಿ, ಉಂಬಲೆ ಪುರಸೊತ್ತು ಇತ್ತಿಲ್ಲೆ.” ಅವಳ ಅಕ್ಕ ಒಬ್ಬಳನ್ನು ಬಡ ಭಟ್ಟರ ಮನೆಗೆ ಕೊಟ್ಟಿದ್ದರು. ಹಂಚಿನ ಸಣ್ಣ ಮನೆ, ಗಂಡ ಹೆಂಡತಿ ಇಬ್ಬರೇ. ಅವಳು ಮಧ್ಯಾಹ್ನ ಮಲಗುತ್ತಿದ್ದಳು, ಹರಕು ಪತ್ರಿಕೆ ಸಿಕ್ಕರೂ ಓದುತ್ತಿದ್ದಳು, ಗಂಡನಿಗೆ ಎದುರು ಮಾತಾಡುತ್ತಿದ್ದಳು. ಇಬ್ಬರಲ್ಲಿ ಮೇಲಿನ ಅಂತಸ್ತು ಯಾರದ್ದು ಎಂದು ಸೀಮೆಯವರನ್ನು ಕೇಳಿದರೆ ಇವತ್ತಿಗೂ ದೊಡ್ಡಾಯಿಯ ಹೆಸರನ್ನೇ ಹೇಳುತ್ತಾರೆ.

ಇನ್ನು ನಮ್ಮಜ್ಜಿಯ ಹತ್ತಿರ ಅಂತಸ್ತು ಎಂದರೆ ಅವಳಿಗೆ ಅರ್ಥವೂ ಆಗುತ್ತಿರಲಿಲ್ಲ. ಹೆಣ್ಣಿಗೆ 14 ತುಂಬದೆ ಮದುವೆ ಕೂಡದು ಎಂಬ ಶಾರದಾ ಕಾಯ್ದೆ ಜಾರಿಗೆ ಬಂದದ್ದು 1930ರ ಏಪ್ರಿಲ್ ಒಂದಕ್ಕೆ. ಅದರೊಳಗೆ ಮುಗಿಸಿಬಿಡೋಣ ಎಂಬ ಗಡಿಬಿಡಿಯಲ್ಲಿ ದೇಶದ ತುಂಬ ಪುಟ್ಟ ಹುಡುಗಿಯರ ಮದುವೆಗಳಾದವು. ಅಜ್ಜಿಯದೂ ಅದೇ ಗಡಿಬಿಡಿಯ ಲಗ್ನ. ಧಾರೆಯ ಹೊತ್ತಿಗೆ ನಿದ್ದೆ ಬಂದಿತ್ತು ಎಂಬುದೊಂದೇ ಅವಳಿಗಿದ್ದ ನೆನಪು.

ಒಕ್ಕಲುಗಳ ಮನೆಯ ಮದುವೆಯ ಮಾತು ನಮ್ಮ ಜಗಲಿಯಲ್ಲಿ ಬರುತ್ತಿದ್ದದ್ದು ಬೇರೆ ಧಾಟಿಯಲ್ಲಿ. ಮಗನ ಮದುವೆಗೆ ಒಡೆಯರ ಹತ್ತಿರ ಸಾಲ, ಆ ಸಾಲಕ್ಕೆ ವರ್ಷಗಟ್ಟಲೆ ಜೀತ. ಜೀತಕ್ಕೆ ನಿಂತ ಎಷ್ಟೋ ಜನರ ಬದುಕಿನಲ್ಲಿ ಮೊದಲ ಸಾಲ ಮದುವೆಯ ಸಾಲವೇ. ಗಂಡ ಒಡೆಯರ ತೋಟದಲ್ಲಿ, ಹೆಂಡತಿ ಒಡೆಯರ ಕೊಟ್ಟಿಗೆಯಲ್ಲಿ. ಮದುವೆಯಾದದ್ದಕ್ಕೆ ಇಬ್ಬರೂ ಸೇರಿ ತೀರಿಸುವ ದಂಡ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು, 1974ರಲ್ಲಿ ಭೂಸುಧಾರಣೆ ಬಂದು ಉಳುವವನೇ ಒಡೆಯನಾದದ್ದು, 1976ರಲ್ಲಿ ಜೀತ ರದ್ದಾದದ್ದು ಇವೆಲ್ಲ ನಮ್ಮಲ್ಲಿ ಮದುವೆಯ ಚರಿತ್ರೆಯೂ ಹೌದು. ಒಡೆಯರ ಜಗಲಿಗೆ ಮೊದಲ ವೀಳ್ಯ ಕೊಟ್ಟು ತಲೆ ತಗ್ಗಿಸಿ ನಿಲ್ಲುತ್ತಿದ್ದವರ ಮೊಮ್ಮಕ್ಕಳು ಈಗ ಲಗ್ನಪತ್ರಿಕೆ ಕೊಡಲು ಬಂದರೆ ಜಗಲಿಯ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋಗುತ್ತಾರೆ. ಕೆಲವು ಹಳಬರಿಗೆ ಇದು ಇನ್ನೂ ಗಂಟಲಲ್ಲಿ ಇಳಿಯುವುದಿಲ್ಲ, ಚಹಾ ಮಾತ್ರ ಕೊಡುತ್ತಾರೆ.

ಈಗ ರಾಶಿ ಅಡಿಕೆಗೆ ಒಳ್ಳೆಯ ಧಾರಣೆ. ನಾಲ್ಕೆಕರೆ ಒಳ್ಳೆಯ ತೋಟ ಇದ್ದವನ ಆದಾಯ ಬೆಂಗಳೂರಿನಲ್ಲಿ ಬಾಡಿಗೆ, ಕಾರಿನ ಕಂತು, ಟ್ರಾಫಿಕ್ಕು ಎಲ್ಲ ಕಳೆದು ಉಳಿಸುವ ಇಂಜಿನಿಯರನಿಗಿಂತ ಕಡಿಮೆಯೇನಲ್ಲ. ಆದರೂ ಹೆಣ್ಣು ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ ದುರಾಸೆ, ಪೇಟೆಯ ಹುಚ್ಚು ಎಂದು ಊರಿನ ಸಭೆಗಳಲ್ಲಿ ಭಾಷಣವಾಗುತ್ತದೆ. ಭಾಷಣ ಮಾಡುವವರಲ್ಲಿ ಹೆಚ್ಚಿನವರು ತಮ್ಮ ಮಗಳನ್ನು ಬೆಂಗಳೂರಿಗೇ ಕೊಟ್ಟವರು. ದುರಾಸೆ ಆಗಿದ್ದರೆ ತೋಟ ನೋಡಿ ಬರಬೇಕಿತ್ತಲ್ಲ? ಈ ಹುಡುಗಿಯರು ಅವ್ವಂದಿರ, ದೊಡ್ಡಾಯಿಯಂದಿರ ಬೆರಳು ನೋಡಿ ಬೆಳೆದವರು. ಧಾರವಾಡದ, ಮಂಗಳೂರಿನ ಹಾಸ್ಟೆಲಿನಲ್ಲಿ ಕೂತು ಓದುವಾಗ, ಬಟ್ಟಲು ಇಟ್ಟರೆ ಅನ್ನ ಬಂದು ಬೀಳುವ ಸುಖವನ್ನು ಮೊದಲ ಸಲ ಕಂಡವರು. ಇವರು ಅಳೆಯುವುದು ದುಡ್ಡನ್ನಲ್ಲ. ನನ್ನ ಕೈಗೆ ನನ್ನ ಸಂಬಳ ಬರುತ್ತದೆಯೇ, ಸಂಜೆ ಚಪ್ಪಲಿ ಮೆಟ್ಟಿ ಹೊರಗೆ ಹೋದರೆ ‘ಎಲ್ಲಿಗೆ’ ಎಂದು ಎಷ್ಟು ಜನ ಕೇಳುತ್ತಾರೆ, ತಿಂಗಳ ಮೂರು ದಿನ ಎಲ್ಲಿ ಮಲಗಬೇಕು. ಜೇಬಿನ ಪುಸ್ತಕದ ಭಾವನಿಗೆ ಇಂಥ ಅಂಕಣವೇ ಗೊತ್ತಿರಲಿಲ್ಲ.

ಇದು ನಮ್ಮೊಬ್ಬರದೇ ಪಾಡು ಎಂದುಕೊಂಡಿದ್ದೆವು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಹೆಚ್ಚಿನವರು ರೈತರ ಮಕ್ಕಳು, ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಕಬ್ಬು ಬೆಳೆವ ನೀರಾವರಿ ನೆಲದ ಮಕ್ಕಳು ಅವರು, ಒಂದು ಕಾಲಕ್ಕೆ ಸುತ್ತಿನ ಒಣಸೀಮೆಯವರು ಮಗಳನ್ನು ಕೊಡಲು ಆಸೆಪಡುತ್ತಿದ್ದ ಊರಿನವರು. ಪತ್ರಿಕೆಯಲ್ಲಿ ಓದಿ ನಕ್ಕವರೂ ಇದ್ದರು. ನನಗೆ ನಗು ಬರಲಿಲ್ಲ. ಮೂವತ್ತು ದಾಟಿದ, ದುಡಿಯುವ, ಕುಡಿಯದ ಹುಡುಗ ಅವ್ವನ ಕೈಯ ಊಟ ಮಾಡುತ್ತ, ಅವ್ವನಿಗೆ ವಯಸ್ಸಾಗುತ್ತಿರುವುದನ್ನು ನೋಡುತ್ತ ಕೂರುವ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ ಎಂದು ನನಗೆ ಗೊತ್ತು. ತಲೆಮಾರುಗಳಿಂದ ಸೊಸೆಯರ ಮೇಲೆ ಮಾಡಿದ ಸಾಲ ಬಡ್ಡಿ ಸಮೇತ ಈ ಹುಡುಗನ ತಲೆಗೆ ಬಂದಿದೆ, ಸಾಲ ಮಾಡಿದವನು ಅವನಲ್ಲ.

ಇಕ್ಕಟ್ಟು ಬಂದಾಗ ಆಚಾರ ದಾರಿ ಬಿಡುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಜಾತಿ ಮೀರಿದ ಮದುವೆಯಿಂದ ರಕ್ತ ಹರಿಯಿತು ಎಂದು ಓದಿಕೊಂಡು ಬಂದವರು ನಾವು. ಈಗ ನಮ್ಮ ಕಡೆಯ ಬ್ರಾಹ್ಮಣ ವರಗಳು ಹುಬ್ಬಳ್ಳಿ, ದಾವಣಗೆರೆಗಳ ರಾಜ್ಯ ಮಹಿಳಾ ನಿಲಯಗಳಿಗೆ ಅರ್ಜಿ ಹಾಕುತ್ತಾರೆ. ಅಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಅಧಿಕಾರಿಗಳೇ ತಂದೆತಾಯಿಯ ಸ್ಥಾನದಲ್ಲಿ ನಿಂತು ಧಾರೆ ಎರೆಯುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಹುಡುಗಿಯ ಜಾತಿ ಯಾವುದು, ಗೋತ್ರ ಯಾವುದು? ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದನ್ನು ನಿಲಯದವರು ಕೇಳುತ್ತಾರೆ: ನಿಮಗೆ ಆದಾಯ ಎಷ್ಟು, ಅಭ್ಯಾಸಗಳು ಏನು, ಆರೋಗ್ಯದ ಸರ್ಟಿಫಿಕೇಟ್ ಎಲ್ಲಿ. ಘಟ್ಟದ ಕೆಳಗಿನ ಸಂಬಂಧಕ್ಕೆ ಮೂಗು ಮುರಿಯುತ್ತಿದ್ದ ಚೌಕಿಮನೆಯ ಹೆಗಡೆಯವರು ಕಾಗದ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನು ಕೆಲವರು ಹೆಣ್ಣು ಹುಡುಕಿ ಕಾಶಿಯ ಕಡೆಗೂ ಹೋಗಿ ಬಂದಿದ್ದಾರೆ. ಅಲ್ಲಿಂದ ಬಂದ ಸೊಸೆಯೊಬ್ಬಳು ನಮ್ಮ ಪಕ್ಕದ ಊರಿನಲ್ಲಿದ್ದಾಳೆ. ನಮ್ಮ ಮನೆಮಾತಾದ ಹವಿಗನ್ನಡ ಕಲಿತದ್ದು ಅತ್ತೆಯ ಜೊತೆ ಜಗಳವಾಡಲಿಕ್ಕೇ ಎಂದು ಅತ್ತೆಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸಿದ್ಧಾಂತದಿಂದ ಒಡೆಯದ ಗೋಡೆ ಗರಜಿನಿಂದ ಒಡೆಯಿತು ಎಂದು ಸಂತೋಷಪಡುವ ಹೊತ್ತಿಗೇ, ಬೇರೆ ಜಾತಿಯವನನ್ನು ಮೆಚ್ಚಿದ ಮಗಳನ್ನು ಅಪ್ಪನೇ ಕೊಂದ ಸುದ್ದಿ ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿರುತ್ತದೆ. ಮಗನಿಗೆ ಹೊರಗಿನ ಹೆಣ್ಣು ಆದೀತು, ಮಗಳು ಹೊರಗೆ ಹೋಗಕೂಡದು ಎಂಬ ಲೆಕ್ಕ ಇನ್ನೂ ಹರಿದಿಲ್ಲ.

ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಾಡಿಸಿದರು. ಆ ದಾರಿಯಲ್ಲಿ ನಡೆದವರು ಈಗಲೂ ಇದ್ದಾರೆ. ಉಳಿದವರು ರೆಸಾರ್ಟಿಗೆ ಹೋಗುತ್ತಾರೆ. ಎಕರೆಯಲ್ಲಿ ಕಾಣುತ್ತಿದ್ದ ಅಂತಸ್ತು ಈಗ ಡ್ರೋನ್ ಕ್ಯಾಮೆರಾದಲ್ಲಿ ಕಾಣುತ್ತದೆ. ಅರಿಶಿನ ಹಚ್ಚುವ ಶಾಸ್ತ್ರ ನಮ್ಮಲ್ಲೂ ಇತ್ತು, ಹಿತ್ತಲಲ್ಲಿ ನಾಲ್ಕು ಹೆಂಗಸರು ಹಾಡು ಹೇಳಿ ಮುಗಿಸುತ್ತಿದ್ದರು. ಈಗ ಅದಕ್ಕೆ ಹಲ್ದಿ ಎಂದು ಹೆಸರು, ಬಂದವರೆಲ್ಲ ಹಳದಿ ಬಟ್ಟೆ ಹೊಲಿಸಬೇಕು. ನನಗೂ ಒಂದು ಹೊಲಿಸಿದ್ದಾರೆ, ಇರಲಿ.

ನನ್ನ ಅಣ್ಣನ ಮಗಳಿಗೆ ಈಗ ಒಂದು ಸಂಬಂಧ ಬಂದಿದೆ. ಹುಡುಗ ತೋಟದವನೇ. ಬೆಂಗಳೂರಿನಲ್ಲಿ ಕೆಲವು ವರ್ಷ ನೌಕರಿ ಮಾಡಿ ಬಿಟ್ಟು ಬಂದವನು. ಇವಳು ಮನೆಯಿಂದಲೇ ಕಂಪನಿಯ ಕೆಲಸ ಮಾಡುವವಳು, ಕೇಬಲ್ ಇದ್ದರೆ ಅವಳಿಗೆ ಯಾವ ಊರಾದರೂ ಸರಿ. ಮೊದಲ ಮಾತುಕತೆ ವಿಡಿಯೋದಲ್ಲಿ, ದೊಡ್ಡವರನ್ನು ಹೊರಗೆ ಕಳಿಸಿ. ಉಪ್ಪಿಟ್ಟು-ಕೇಸರಿಬಾತಿನ ಗಲಾಟೆಯೇ ಇಲ್ಲ. “ಎಂತ ಕೇಳಿದೆ?” ಎಂದು ಅಣ್ಣ ಆಮೇಲೆ ಕೇಳಿದ. ಅಡುಗೆ ಬರುತ್ತದೆಯೇ ಎಂದು ಕೇಳಿದಳಂತೆ, ಸಾರು-ಪಲ್ಯ ಮಾಡುತ್ತೇನೆ, ದೋಸೆ ಹರಿಯುತ್ತದೆ ಎಂದನಂತೆ. ಅಲ್ಲಿಗೆ ನಮಗೆಲ್ಲ ಮದುವೆ ನಿಕ್ಕಿಯಾದ ಹಾಗೇ ಅನಿಸಿತು. ಅತ್ತಿಗೆ ಸೀರೆಗಳ ಯೋಚನೆಗೂ ಇಳಿದಿದ್ದಳು.

ಎರಡನೆಯ ಮಾತುಕತೆಗೆ ದೊಡ್ಡವರೂ ಸೇರಿದರು. ಹುಡುಗನ ಅಪ್ಪ ತೋಟದ ವಿಸ್ತೀರ್ಣ ಹೇಳಿದರು, ಸಾಲವಿಲ್ಲ ಎಂದರು, ಮಷಿನ್‌ಗಳ ಪಟ್ಟಿ ಓದಿದರು. ಅಣ್ಣನ ಮಗಳು ಎಲ್ಲ ಕೇಳಿಕೊಂಡು ಎರಡು ಪ್ರಶ್ನೆ ಕೇಳಿದಳು. ಹುಡುಗನ ತಂಗಿಯ ಹತ್ತಿರ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಂಡಿದ್ದೀರೋ ಎಂಬುದು ಮೊದಲನೆಯದು. ಹಾಕಿಸಿದ್ದೇವೆ, ಏನೂ ತಕರಾರಿಲ್ಲ ಎಂದು ಅವರು ಹುರುಪಿನಿಂದ ಹೇಳಿದರು, ಹೆಣ್ಣಿನ ಕಡೆಯವರಿಗೆ ಬೇಕಾದ ಉತ್ತರ ಅದೇ ಎಂದುಕೊಂಡು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 1994ರಲ್ಲೇ ಕಾನೂನಾಯಿತು, 2005ರಲ್ಲಿ ಇಡೀ ದೇಶಕ್ಕಾಯಿತು. ಆಗಿನಿಂದ ಅರಿಶಿನ-ಕುಂಕುಮಕ್ಕೆ ಎಂದು ಒಂದಿಷ್ಟು ಕೊಟ್ಟು ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವುದೂ ಒಂದು ಶಾಸ್ತ್ರವಾಗಿದೆ. “ಹಾಗಾದರೆ ನನಗೂ ನಾಳೆ ಮಗಳು ಹುಟ್ಟಿದರೆ ಅವಳ ಸಹಿಯನ್ನೂ ಹಾಕಿಸುತ್ತೀರೋ?” ಎಂಬುದು ಇವಳ ಎರಡನೆಯ ಪ್ರಶ್ನೆ.

ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನ ತಂಗಿ ಮಾತ್ರ ಹಿಂದಿನಿಂದ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ವಕೀಲರನ್ನು ವಿಚಾರಿಸಿ ಹೇಳುತ್ತೇವೆ ಎಂದು ಅವರಪ್ಪ ಫೋನು ಇಟ್ಟಿದ್ದಾರೆ. ಅಣ್ಣ ಅವಳ ಮೇಲೆ ಸಿಟ್ಟಾಗಿದ್ದಾನೆ, ತನ್ನ ತೋಟದ ಕಾಗದಕ್ಕೆ ನನ್ನ ಸಹಿ ಇನ್ನೂ ಆಗಿಲ್ಲ ಎಂಬುದೂ ಅವನ ಸಿಟ್ಟಿನಲ್ಲಿ ಸೇರಿರಬಹುದು. ಹುಡುಗ ದಿನಾ ರಾತ್ರಿ ಅವಳಿಗೆ ಫೋನು ಮಾಡುತ್ತಿದ್ದಾನೆ, ದೋಸೆ ಈಗ ಹರಿಯುವುದಿಲ್ಲವಂತೆ.